ಲೇಸರ್ ಬೆಳಕಲ್ಲಿ ಪಟ್ಟೆ ಬಂದರೆ ಚಿಪ್ ಬದಲಿಸಬೇಡಿ, ಗಾಜು ಹುಡುಕಿ

ಪ್ರಶ್ನೆ: ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಅಳತೆ ಉಪಕರಣ ಮಾಡುತ್ತಿದ್ದೇನೆ. ಹಳೇ ಪ್ರೊಜೆಕ್ಟರಿನಿಂದ ಬಿಚ್ಚಿದ ಡಿಎಂಡಿ ಚಿಪ್ (ವಾಲುವ ಪುಟಾಣಿ ಕನ್ನಡಿಗಳ ಸಾಲುಗಳಿರುವ ಚಿಪ್) ಮೇಲೆ 532 ನ್ಯಾನೊಮೀಟರ್ ಹಸಿರು ಲೇಸರ್ ಬಿಡುತ್ತೇನೆ. ಕ್ಯಾಮೆರಾ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇದೆ. ಪೂರ್ತಿ ಬಿಳಿ ಚಿತ್ರ ಹಾಕಿದರೂ ಓರೆ ಪಟ್ಟೆಗಳು ಕಾಣುತ್ತವೆ. ಎಲ್‌ಇಡಿ ಹಾಕಿದರೆ ಇಲ್ಲ. ಬೆಳಿಗ್ಗೆ ಲೇಸರ್ ಆನ್ ಮಾಡಿದ ಮೇಲೆ ಅರ್ಧ ಗಂಟೆ ಪಟ್ಟೆಗಳು ನಿಧಾನಕ್ಕೆ ಸರಿಯುತ್ತವೆ. ಚಿಪ್ ಕೆಟ್ಟಿದೆಯಾ? ಹೊಸದು ತರಬೇಕಾ?

ಉತ್ತರ: ಬೇಡ, ದುಡ್ಡು ಸುಮ್ನೆ ಹೋಗುತ್ತೆ. ನಿಮ್ಮ ಚಿಪ್ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಕನ್ನಡಿಗಳು ಸರಿಯಾಗಿ ವಾಲದಿದ್ದರೆ, ಅಥವಾ ಕ್ಯಾಮೆರಾದ ಜೊತೆ ಅವುಗಳ ಟೈಮಿಂಗ್ ಹೊಂದದಿದ್ದರೆ, ಎಲ್‌ಇಡಿಯಲ್ಲೂ ಪಟ್ಟೆ ಬರಬೇಕಿತ್ತು. ಅಲ್ಲಿ ಬಂದಿಲ್ಲ. ಅರ್ಧ ಉತ್ತರ ನೀವೇ ಕಂಡುಹಿಡಿದಿದ್ದೀರಿ.

ಮಳೆ ನಿಂತ ಮೇಲೆ ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಚೆಲ್ಲಿದ ಕಡೆ ಬಣ್ಣದ ಬಳೆಗಳು ಕಾಣುತ್ತವಲ್ಲ, ಇದೂ ಅದೇ ಜಾತಿ. ಒಂದು ಪದರದ ಮೇಲಿಂದ ಬಂದ ಬೆಳಕು, ಕೆಳಗಿಂದ ಬಂದ ಬೆಳಕು ಸೇರಿ ಕೆಲವು ಕಡೆ ಜೋರಾಗುತ್ತವೆ, ಕೆಲವು ಕಡೆ ಒಂದನ್ನೊಂದು ಕುಗ್ಗಿಸುತ್ತವೆ. ನಿಮ್ಮಲ್ಲಿ ಆ ಪದರ ಅಂದರೆ ಬೆಳಕಿನ ದಾರಿಯಲ್ಲಿರುವ ಯಾವುದೋ ಒಂದು ಗಾಜು. ಎರಡು ಬೆಳಕುಗಳ ದಾರಿಯ ಉದ್ದದಲ್ಲಿ ಸುಮಾರು 10 ಮೈಕ್ರಾನ್ ವ್ಯತ್ಯಾಸ ಬಂದರೇ ಎಲ್‌ಇಡಿ ಬೆಳಕು ಈ ಆಟ ಬಿಡುತ್ತದೆ. ಲೇಸರ್‌ಗೆ ಎರಡು ಮಿಲಿಮೀಟರ್ ದಪ್ಪದ ಗಾಜೂ ಲೆಕ್ಕಕ್ಕಿಲ್ಲ.

ಪ್ರತಿಫಲನ ತಗ್ಗಿಸುವ ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮುಖವೂ ಸುಮಾರು 4 ಪರ್ಸೆಂಟ್ ಬೆಳಕನ್ನು ವಾಪಸ್ ಕಳಿಸುತ್ತದೆ. ಒಳಗೇ ಎರಡು ಸಲ ಬಡಿದು ಹೊರಬರುವ ಬೆಳಕು 0.16 ಪರ್ಸೆಂಟ್ ಮಾತ್ರ. ಇಷ್ಟರಿಂದ ಏನಾಗುತ್ತೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಅಲೆಗಳು ಸೇರುವಾಗ ಲೆಕ್ಕಕ್ಕೆ ಬರುವುದು ಬೆಳಕಿನ ಪ್ರಮಾಣವಲ್ಲ, ಅಲೆಯ ಎತ್ತರ. ಎತ್ತರದಲ್ಲಿ ಅದು 4 ಪರ್ಸೆಂಟ್. ಹಾಗಾಗಿ ಮಂಕು ಪಟ್ಟೆಗಿಂತ ಹೊಳೆಯುವ ಪಟ್ಟೆ ಸುಮಾರು 17 ಪರ್ಸೆಂಟ್ ಜಾಸ್ತಿ ಬೆಳಗುತ್ತದೆ. ಕ್ಯಾಮೆರಾಕ್ಕೆ ಇದು ಢಾಳಾಗಿ ಕಾಣುತ್ತದೆ. ಬೆಳಿಗ್ಗೆ ಪಟ್ಟೆ ಸರಿಯುವುದೂ ಇದಕ್ಕೇ. ಲೇಸರ್ ಬಿಸಿಯಾಗುತ್ತಾ ಅದರ ತರಂಗಾಂತರ ಒಂಚೂರು ಬದಲಾಗುತ್ತದೆ.

ಈಗ ಯಾವ ಗಾಜು ಅಂತ ಹುಡುಕಬೇಕು. ನನಗೆ ಮೊದಲ ಅನುಮಾನ ಎನ್‌ಡಿ ಫಿಲ್ಟರ್ ಮೇಲೆ. ಪರದೆಯ ಮೇಲೆ ಕಣ್ಣಿಟ್ಟು ಅದನ್ನು ಬೆರಳಲ್ಲಿ ಮೆಲ್ಲಗೆ ಓರೆ ಮಾಡಿ. ಪಟ್ಟೆಗಳು ಸಾಲಾಗಿ ಓಡಿದರೆ ಕಳ್ಳ ಸಿಕ್ಕ. ಕದಲದಿದ್ದರೆ ಕ್ಯಾಮೆರಾವನ್ನೇ ಅದರ ಅಕ್ಷದ ಸುತ್ತ ಸ್ವಲ್ಪ ತಿರುಗಿಸಿ. ಚಿತ್ರ ತಿರುಗಿಯೂ ಪಟ್ಟೆಗಳು ಹಾಗೇ ನಿಂತರೆ ಅವು ಸೆನ್ಸರ್ ಮೇಲಿನ ಗಾಜಿನವು. ಎರಡೂ ಅಲ್ಲವಾ? ಚಿಪ್ ಜಾಗದಲ್ಲಿ ಮುಂಭಾಗಕ್ಕೇ ಲೇಪನವಿರುವ ಮಾಮೂಲಿ ಕನ್ನಡಿ ಇಟ್ಟು ನೋಡಿ. ಆಗಲೂ ಪಟ್ಟೆ ಇದ್ದರೆ ಚಿಪ್‌ಗೆ ಸಂಬಂಧವೇ ಇಲ್ಲ.

ಚಿಪ್‌ನ ಕನ್ನಡಿಗಳ ಮೇಲೆ ಮುಚ್ಚಿರುವ ಕಿಟಕಿ ಗಾಜಿನ ಬಗ್ಗೆ ಒಂದು ಮಾತು. ಹಳೇ ಪ್ರೊಜೆಕ್ಟರ್ ಚಿಪ್‌ಗಳಲ್ಲಿ ಕನ್ನಡಿಗಳು ಸಾಮಾನ್ಯವಾಗಿ 12 ಡಿಗ್ರಿ ವಾಲುತ್ತವೆ. ಕಿಟಕಿಯಿಂದ ನೇರ ಪ್ರತಿಫಲಿಸುವ ಬೆಳಕು ನಿಮ್ಮ ಚಿತ್ರದಿಂದ 24 ಡಿಗ್ರಿ ದೂರ ಹೋಗುತ್ತದೆ. ಅದು ಕ್ಯಾಮೆರಾಕ್ಕೆ ಬರುವುದಿಲ್ಲ. ಗಾಜಿನ ಒಳಗೆ ಬಡಿದಾಡುವ ಬೆಳಕು ಬರುತ್ತದೆ, ಆದರೆ ಕೋಟಿಂಗ್ ಇರುವುದರಿಂದ ಹಸಿರಿಗೆ ಅದು ಕಡಿಮೆ.

ಕಳ್ಳ ಫಿಲ್ಟರೇ ಆಗಿದ್ದರೆ ಲೋಹದ ಪದರದ್ದಾ ನೋಡಿ. ಅದು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಪಟ್ಟೆ ಇನ್ನೂ ಜೋರು. ಬೂದು ಬಣ್ಣದ ಗಾಜಿನದ್ದೇ ವಾಸಿ, ಒಳಗೆ ಓಡಾಡುವ ಬೆಳಕನ್ನು ಅದೇ ಹೀರಿಕೊಳ್ಳುತ್ತದೆ. ಇನ್ನೂ ಒಳ್ಳೆಯದು ಅಂದರೆ ಫಿಲ್ಟರನ್ನು ಕ್ಯಾಮೆರಾ ಮುಂದಿನಿಂದ ತೆಗೆದು ಲೇಸರ್ ಪಕ್ಕದಲ್ಲೇ, ಪಿನ್‌ಹೋಲ್ (ಲೇಸರ್ ಬೆಳಕನ್ನು ಹಸನು ಮಾಡುವ ಸೂಜಿರಂಧ್ರ) ಇದ್ದರೆ ಅದಕ್ಕಿಂತ ಮೊದಲು ಇಡುವುದು. ಅಲ್ಲಿ ಹುಟ್ಟುವ ಪಟ್ಟೆಯನ್ನು ಪಿನ್‌ಹೋಲ್ ಅಳಿಸುತ್ತದೆ. ಸೆನ್ಸರ್ ಗಾಜಿನದ್ದಾದರೆ ನೀವೇ ಕಿತ್ತು ಹಾಕಲು ಹೋಗಬೇಡಿ. ನಿಮಗೆ ಬೆಳಕಿನ ಪ್ರಮಾಣವಷ್ಟೇ ಸಾಕಾದರೆ, ತಿರುಗುವ ಮಂಜುಗಾಜೊಂದನ್ನು ಚಿಪ್‌ಗಿಂತ ಮೊದಲು ದಾರಿಯಲ್ಲಿ ಇಡಿ, ಪಟ್ಟೆಗಳು ಕಲಸಿಹೋಗುತ್ತವೆ.

ಇನ್ನೊಂದು ಮಾತು. ಚಿಪ್‌ನಿಂದ ಒಂದೇ ಕಿರಣ ಬರುವುದಿಲ್ಲ, ಚುಕ್ಕಿಗಳ ಜಾಲವೇ ಬರುತ್ತದೆ. ಕನ್ನಡಿಗಳ ಅಂತರ 10.8 ಮೈಕ್ರಾನ್ ಇದ್ದರೆ ಸುಮಾರು 2.8 ಡಿಗ್ರಿಗೊಂದು ಚುಕ್ಕಿ. ಪರೀಕ್ಷೆ ಮಾಡುವಾಗ ಲೇಸರ್ ಕನ್ನಡಕ ಹಾಕಿಕೊಳ್ಳಿ, ಆ ಚುಕ್ಕಿಗಳು ಗೋಡೆಯಲ್ಲಿ ಎಲ್ಲೆಲ್ಲಿ ಬೀಳುತ್ತವೋ ಅಲ್ಲೆಲ್ಲ ಕಪ್ಪು ರಟ್ಟು ಇಡಿ.