ಅಣ್ಣ ಕದ್ದ, ತಮ್ಮ ಯಾಕೆ ಕದಿಯಲಿಲ್ಲ?

ಓದುಗರ ಪತ್ರ: ನಮ್ಮ ಬೀದಿಯ ಹತ್ತೊಂಬತ್ತರ ಹುಡುಗ ಬೈಕ್ ಕದ್ದು ಸಿಕ್ಕಿಬಿದ್ದ. ಈಗ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. "ಅವರ ವಂಶವೇ ಅಂಥದ್ದು" ಅನ್ನುತ್ತಾರೆ ನಮ್ಮ ಯಜಮಾನರು. ಬಡತನ ಮಾಡಿಸಿತು ಅಂತ ನನ್ನ ವಾದ. ಅವನ ತಮ್ಮ ಮಾತ್ರ ಅಪ್ಪನ ಜೊತೆ ಗ್ಯಾರೇಜಿನಲ್ಲಿ ದುಡಿಯುತ್ತಾನೆ. ಅಪರಾಧಶಾಸ್ತ್ರ ಯಾರ ಪರ?
– ಓದುಗರೊಬ್ಬರು, ಹಾವೇರಿ

ಸಂಪಾದಕರ ಉತ್ತರ: ಪೂರ್ತಿಯಾಗಿ ಇಬ್ಬರ ಪರವೂ ಇಲ್ಲ. ಯಜಮಾನರ ಮಾತಿನಿಂದಲೇ ಶುರು ಮಾಡೋಣ. ಆ ಮಾತಿಗೆ ನಮ್ಮಲ್ಲಿ ತುಂಬಾ ಜನ ಬೆಲೆ ತೆತ್ತಿದ್ದಾರೆ.

ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ ಒಬ್ಬ ಕಳ್ಳನ ತಲೆಬುರುಡೆ ಬಿಚ್ಚಿ ನೋಡಿದ. ಹಿಂಭಾಗದಲ್ಲಿ, ಒಳಗಡೆ, ಒಂದು ಪುಟ್ಟ ಕುಳಿ. ಸಿಕ್ಕಿದ್ದು ಅಷ್ಟೇ. ಅದನ್ನೇ ಹಿಡಿದುಕೊಂಡು, ಅಪರಾಧಿ ಹುಟ್ಟುವಾಗಲೇ ಅಪರಾಧಿ ಅಂತ 1876ರಲ್ಲಿ ಪುಸ್ತಕ ಬರೆದುಬಿಟ್ಟ. ಆಮೇಲೆ ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3000 ಇಂಗ್ಲಿಷ್ ಕೈದಿಗಳ ಅಳತೆ ತೆಗೆದು, ಬೇರೆ ಜನರ ಜೊತೆ ಹೋಲಿಸಿದ. 1913ರಲ್ಲಿ ಬಂದ ಅವನ ವರದಿಯಲ್ಲಿ ಲೊಂಬ್ರೋಸೊ ಹೇಳಿದಂಥ 'ಅಪರಾಧಿ ಮುಖ' ಇರಲೇ ಇಲ್ಲ.

ಬ್ರಿಟಿಷ್ ಸರ್ಕಾರ ಲೊಂಬ್ರೋಸೊನ ಪುಸ್ತಕಕ್ಕೂ ಕಾಯಲಿಲ್ಲ. ಇಡೀ ಸಮುದಾಯಗಳನ್ನೇ 'ಕ್ರಿಮಿನಲ್ ಟ್ರೈಬ್ಸ್' (ಅಪರಾಧಿ ಬುಡಕಟ್ಟುಗಳು) ಪಟ್ಟಿಗೆ ಸೇರಿಸುವ ಕಾನೂನು 1871ರಲ್ಲೇ ಬಂದಿತ್ತು. ಹಾಜರಿ ಹಾಕಬೇಕು, ಊರು ಬಿಡಲು ಪಾಸ್ ಬೇಕು. ನಿಮ್ಮ ಪಕ್ಕದ ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ್ದ ಜಾಗಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು. 1952ರಲ್ಲಿ ಕಾನೂನು ಹೋಯಿತು. ಯಜಮಾನರ ಬಾಯಿಂದ ಇನ್ನೂ ಹೋಗಿಲ್ಲ, ಅಲ್ವಾ?

ಈಗ ನಿಮ್ಮ ಸರದಿ. ಬಡತನದ ವಾದದಲ್ಲಿ ಹುರುಳಿದೆ. ಆದರೆ 1960ರ ದಶಕದ ಅಮೆರಿಕದಲ್ಲಿ ಬಡತನ ಇಳಿಯಿತು, ಕಳ್ಳತನ ಏರಿತು! ಅಲ್ಲಿನ ಕೋಹೆನ್, ಫೆಲ್ಸನ್ ಎಂಬಿಬ್ಬರು ಸಮಾಜಶಾಸ್ತ್ರಜ್ಞರು 1979ರಲ್ಲಿ ಕೊಟ್ಟ ಕಾರಣ ನನಗೆ ತುಂಬಾ ಇಷ್ಟ. ಹೆಂಗಸರೂ ಕೆಲಸಕ್ಕೆ ಹೊರಟರು, ಹಗಲಲ್ಲಿ ಮನೆಗಳು ಖಾಲಿ. ಮೇಲಾಗಿ ಟಿವಿ ಹಗುರಾಯಿತು! ಒಬ್ಬನೇ ಎತ್ತಿಕೊಂಡು ಹೋಗಬಹುದು. ಕದಿಯುವ ಮನಸ್ಸು, ಕೈಗೆ ಸಿಗುವ ವಸ್ತು, ಕಾಯುವವರಿಲ್ಲದ ಹೊತ್ತು: ಮೂರೂ ಸೇರಿದರೆ ಕಳ್ಳತನ. ಆ ಬೈಕಿನಲ್ಲಿ ಕೀ ಬಿಟ್ಟಿದ್ದರಾ, ವಿಚಾರಿಸಿ. ಇನ್ನು ಕೋಟು ಹಾಕಿಕೊಂಡು ಕಂಪನಿಯ ದುಡ್ಡು ನುಂಗುವವರಿಗೆ ಯಾವ ಬಡತನ? ಅಮೆರಿಕದ ಅಪರಾಧಶಾಸ್ತ್ರಜ್ಞ ಸದರ್ಲ್ಯಾಂಡ್ 1939ರಲ್ಲೇ ಇದನ್ನು ಎತ್ತಿದ್ದ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತಮ್ಮ. ಅದೇ ವಂಶ, ಅದೇ ಬಡತನ. ಅಮೆರಿಕದ ಇನ್ನೊಬ್ಬ ಅಪರಾಧಶಾಸ್ತ್ರಜ್ಞ ಟ್ರಾವಿಸ್ ಹಿರ್ಷಿ 1969ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದ: ಜನ ಯಾಕೆ ಕದಿಯುತ್ತಾರೆ ಅಂತಲ್ಲ, ಹೆಚ್ಚಿನವರು ಯಾಕೆ ಕದಿಯುವುದಿಲ್ಲ? ಅವನ ಪ್ರಕಾರ ಕೈ ಹಿಡಿದು ನಿಲ್ಲಿಸುವುದು ನಂಟು. ಅಪ್ಪನಿಗೆ ಬೇಜಾರಾಗುತ್ತದಲ್ಲ ಅನ್ನುವ ಅಳುಕು, ಬೆಳಿಗ್ಗೆ ಎದ್ದರೆ ಹೋಗಲೊಂದು ಗ್ಯಾರೇಜು. ಈ ನಂಟು ಆಮೇಲೂ ಕಟ್ಟಿಕೊಳ್ಳುತ್ತದೆ. ಸ್ಯಾಂಪ್ಸನ್, ಲಾಬ್ ಎಂಬಿಬ್ಬರು ಸಂಶೋಧಕರು ಹಳೆಯ ದಾಖಲೆ ಹಿಡಿದು ಬಾಸ್ಟನ್ನಿನ ಪುಂಡ ಹುಡುಗರ ಮುಂದಿನ ಬದುಕನ್ನು ನೋಡಿದರು. ಎಷ್ಟೋ ಜನ ಒಂದು ನೆಟ್ಟಗಿನ ಕೆಲಸ, ಒಳ್ಳೆಯ ಹೆಂಡತಿ ಸಿಕ್ಕ ಮೇಲೆ ದಾರಿಗೆ ಬಂದಿದ್ದರು.

ಅಂದಹಾಗೆ, ಆ ಗ್ಯಾರೇಜಿನಲ್ಲಿ ಅಣ್ಣನಿಗೂ ಒಂದು ಕೆಲಸ ಸಿಗಬಹುದಾ? ಅವರಪ್ಪನನ್ನು ಕೇಳಿ ಬರೆಯಿರಿ.