ಹೊಳೆ ಪಕ್ಕದ ನೆರಳಿನ ದಾರಿಗೆ ನಾಯಿಯನ್ನು ಲೀಶ್ ಹಾಕಿ ಕರೆದೊಯ್ಯಲು ಏನು ಸಿದ್ಧತೆ ಬೇಕು?

ನಿಮ್ಮ ಪ್ರಶ್ನೆ ಇಷ್ಟು. ಎರಡು ವರ್ಷದ ನಾಯಿ, ಇದುವರೆಗೆ ಮನೆಯ ಸುತ್ತಮುತ್ತ ಬಿಟ್ಟರೆ ಎಲ್ಲೂ ನಡೆದಿಲ್ಲ. ಈಗ ಹೊಳೆ ದಂಡೆಯ ಮೂರು ಕಿಲೋಮೀಟರ್ ದಾರಿಗೆ ಲೀಶ್ ಹಾಕಿಕೊಂಡು ಹೋಗಬೇಕೆಂದಿದ್ದೀರಿ. ದಾರಿ ಚಿಕ್ಕದು, ಉದ್ದಕ್ಕೂ ನೆರಳು, ಪಕ್ಕದಲ್ಲೇ ನೀರು. ಸುಮ್ನೆ ಹೊರಟುಬಿಡಬಹುದಾ, ಏನಾದರೂ ತಯಾರಿ ಬೇಕಾ ಅಂತ ಕೇಳಿದ್ದೀರಿ.

ಹೊರಡಿ, ಧಾರಾಳವಾಗಿ. ಮೊದಲ ಸಲಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ಆರೋಗ್ಯವಾಗಿರುವ ಎರಡು ವರ್ಷದ ನಾಯಿಗೆ ಮೂರು ಕಿಲೋಮೀಟರ್ ಒಂದು ಲೆಕ್ಕವೇ ಅಲ್ಲ. ಆದರೆ ನೀರಿದೆ, ಇನ್ನೇನು ಚಿಂತೆ ಅಂದುಕೊಂಡಿದ್ದೀರಲ್ಲ, ಗಮನ ಕೊಡಬೇಕಾದದ್ದು ಆ ನೀರಿಗೇ. ನಾನು ನನ್ನ ನಾಯಿ ಜೊತೆ ಹೆಚ್ಚಾಗಿ ನಡೆಯುವುದು ಇಂಥ ದಾರಿಗಳಲ್ಲೇ. ಜನ ಪೇಚಿಗೆ ಸಿಕ್ಕಿಕೊಳ್ಳುವುದನ್ನೂ ನೋಡಿದ್ದೇನೆ. ಹೆಚ್ಚುಕಡಿಮೆ ಎಲ್ಲವೂ ದಡದ ಅಂಚಿನಲ್ಲೇ ಆಗುವಂಥವು.

ಮೊದಲು ಲೀಶ್. ಒಂದೂವರೆಯಿಂದ ಎರಡು ಮೀಟರ್ ಉದ್ದದ, ಅಳತೆ ಬದಲಾಗದ ಲೀಶ್ ಸಾಕು. ಗುಂಡಿ ಒತ್ತಿದರೆ ಸರ್ರನೆ ಉದ್ದವಾಗುವ ತೆಳು ದಾರದ ಲೀಶ್ ಇದೆಯಲ್ಲ, ಅದನ್ನು ಮನೆಯಲ್ಲೇ ಬಿಟ್ಟುಬನ್ನಿ. ಮರದ ಬುಡಕ್ಕೆ, ಬೇರಿಗೆ ಸುತ್ತಿಕೊಳ್ಳುತ್ತದೆ, ಕೈಯಲ್ಲೋ ಕಾಲಲ್ಲೋ ಎಳೆದುಕೊಂಡು ಹೋದರೆ ಚರ್ಮ ಸುಲಿಯುತ್ತದೆ. ಕಬ್ಬಿಣದ ಚೈನ್ ಕೂಡ ಬೇಡ. ಹತ್ತಿಯ ಹಗ್ಗ ನೆಂದರೆ ಭಾರವಾಗುತ್ತದೆ, ಬೇಗ ಆರುವುದಿಲ್ಲ. ನೀರು ಹೀರದ, ರಬ್ಬರಿನ ಹಾಗೆ ಹಿಡಿತ ಸಿಗುವ ಪಟ್ಟಿ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಅಗಲವಾದ ನೈಲಾನ್ ಪಟ್ಟಿಯೇ ಸಾಕು.

ಲೀಶನ್ನು ಕುತ್ತಿಗೆಯ ಪಟ್ಟಿಗೆ ಸಿಕ್ಕಿಸುವ ಬದಲು ಎದೆಗೂ ಬೆನ್ನಿಗೂ ಸುತ್ತಿ ತೊಡಿಸುವ ಪಟ್ಟಿ, ಅಂದರೆ ಹಾರ್ನೆಸ್‌ಗೆ ಸಿಕ್ಕಿಸಿ. ಬೆನ್ನ ಮೇಲೆ ಹಿಡಿಕೆ ಇರುವ ಹಾರ್ನೆಸ್ ಆದರೆ ಇನ್ನೂ ವಾಸಿ. ನಾಯಿ ಜಾರಿ ನೀರಿಗೆ ಬಿದ್ದರೆ ಕುತ್ತಿಗೆ ಹಿಡಿದು ಎತ್ತುವುದಕ್ಕೂ ಎದೆ ಹಿಡಿದು ಎತ್ತುವುದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ? ಹೊರಡುವ ಮುಂಚೆ ಹಾರ್ನೆಸ್ ಮತ್ತು ಮೈ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲ ಇದೆಯಾ ನೋಡಿ. ಅದಕ್ಕಿಂತ ಸಡಿಲ ಇದ್ದರೆ ನಾಯಿ ಹಿಂದಕ್ಕೆ ಜಗ್ಗಿ ತಲೆ ಹೊರಗೆ ತೆಗೆದುಬಿಡುತ್ತದೆ.

ಸೊಂಟಕ್ಕೆ ಕಟ್ಟಿಕೊಳ್ಳುವ ಲೀಶ್ ಬಗ್ಗೆ ಒಂದು ಮಾತು. ಬಯಲಿನಲ್ಲಿ ಅದು ಚೆನ್ನ, ಎರಡೂ ಕೈ ಖಾಲಿ ಇರುತ್ತವೆ. ಪಾಚಿ ಕಟ್ಟಿದ ಕಲ್ಲಿನ ಪಕ್ಕ, ಕೆಳಗೆ ಸೆಳೆತ ಇರುವ ನೀರು ಇದ್ದರೆ ದಯವಿಟ್ಟು ಬೇಡ. ನಾಯಿ ಜಾರಿದರೆ ನೀವೂ ಜೊತೆಗೇ ಹೋಗುತ್ತೀರಿ. ಅದೇ ಕಾರಣಕ್ಕೆ ಲೀಶನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಳ್ಳಬೇಡಿ. ಬೇಕೆಂದಾಗ ಬಿಡಲು ಬರುವ ಹಾಗೆ ಹಿಡಿದುಕೊಳ್ಳಿ. ನಾಯಿ ಸೆಳೆತಕ್ಕೆ ಸಿಕ್ಕರೆ ಅದರ ಹಿಂದೆ ನೀರಿಗೆ ಹಾರಬೇಡಿ. ದಡದಲ್ಲೇ ಕೆಳಗಡೆಗೆ ಓಡುತ್ತಾ, ಅದು ಹತ್ತಿ ಬರಬಹುದಾದ ಜಾಗದಿಂದ ಹೆಸರು ಹಿಡಿದು ಕರೆಯಿರಿ.

ಕಿರಿದಾದ ಕಡೆ ನಾಯಿ ಯಾವಾಗಲೂ ಗುಡ್ಡದ ಬದಿಗೆ, ನೀವು ನೀರಿನ ಬದಿಗೆ. ಎದುರಿನಿಂದ ಜನ ಬಂದಾಗಲೂ ಹಾಗೇ. ದಾರಿ ಬಿಟ್ಟು ಒಂದು ಹೆಜ್ಜೆ ಗುಡ್ಡದ ಕಡೆ ಸರಿದು, ಲೀಶ್ ಗಿಡ್ಡ ಮಾಡಿ, ನಾಯಿಯನ್ನು ಕೂರಿಸಿ ಅವರನ್ನು ಹೋಗಲು ಬಿಡಿ. "ಏನೂ ಮಾಡಲ್ಲ, ಬನ್ನಿ" ಅಂತ ಕೂಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾಯಿ ಅಂದರೆ ಹೆದರುವವರಿಗೆ ಆ ಮಾತಿನಿಂದ ಒಂದು ಚೂರೂ ಧೈರ್ಯ ಬರುವುದಿಲ್ಲ.

ನೀರಿನ ಪಕ್ಕ ಹಕ್ಕಿಗಳಿರುತ್ತವೆ, ಕಪ್ಪೆಗಳಿರುತ್ತವೆ. ನಾಯಿ ಹಾರುವ ಮುಂಚೆ ಹೇಳಿಯೇ ಹಾರುತ್ತದೆ, ನಾವು ನೋಡಬೇಕಷ್ಟೆ. ನಾಲಿಗೆ ಚಾಚಿಕೊಂಡು ಆರಾಮಾಗಿ ನಡೆಯುತ್ತಿದ್ದ ನಾಯಿ ಒಮ್ಮೆಲೇ ಬಾಯಿ ಮುಚ್ಚುತ್ತದೆ. ಕಿವಿ ಮುಂದಕ್ಕೆ ಬರುತ್ತದೆ, ಒಂದು ಮುಂಗಾಲು ಮೇಲೇಳುತ್ತದೆ, ಬಾಲ ಅಲ್ಲಾಡುವುದು ನಿಲ್ಲುತ್ತದೆ. ಆ ಬಾಯಿ ಮುಚ್ಚಿದ ಕ್ಷಣದಲ್ಲಿ ಹೆಸರು ಕರೆದು ತಿರುಗಿಸಿಬಿಟ್ಟರೆ ಕೆಲಸ ಸುಲಭ. ಅದರ ಮರುಕ್ಷಣ ಕರೆದರೆ ನಿಮ್ಮ ತೋಳಿಗೆ ಕೆಲಸ.

ಇನ್ನು ಬಿಸಿಯ ವಿಷಯ. ನೆರಳಿದ್ದರೆ ನಾಯಿಗೆ ಸೆಕೆ ಆಗುವುದಿಲ್ಲ ಅನ್ನುವುದು ಅರ್ಧ ನಿಜ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಲ್ಲಿ ಒಂದಿಷ್ಟು ಬೆವರುತ್ತದೆ ಅಷ್ಟೆ. ತೇಕುವಾಗ ನಾಲಿಗೆ, ಬಾಯಿಯ ಪಸೆ ಆರುತ್ತದಲ್ಲ, ಮೈ ತಂಪಾಗುವುದು ಮುಖ್ಯವಾಗಿ ಅದರಿಂದ. ಗಾಳಿ ಆಡದ ಮರಗಳ ಕೆಳಗೆ, ನೀರಿನ ಪಕ್ಕದಲ್ಲಿ, ಗಾಳಿಯಲ್ಲೇ ತೇವ ತುಂಬಿರುತ್ತದೆ. ಪಸೆ ಬೇಗ ಆರುವುದಿಲ್ಲ. ಹಾಗಾಗಿ ನಮಗೆ ತಣ್ಣಗೆ ಅನ್ನಿಸುವ ಜಾಗದಲ್ಲೂ ನಾಯಿ ಒದ್ದಾಡಬಹುದು. ಪಗ್, ಬುಲ್‌ಡಾಗ್, ಶಿಟ್ಜು ತರಹದ ಚಪ್ಪಟೆ ಮೂತಿಯವಕ್ಕಂತೂ ಇದು ಜಾಸ್ತಿ. ಅವು ತೇಕಿದರೂ ಸಾಕಷ್ಟು ಗಾಳಿ ಒಳಗೆ ಹೋಗುವುದಿಲ್ಲ. ಸೆಕೆಗಾಲವಾದರೆ ಬೆಳಿಗ್ಗೆ ಬೇಗ ಹೋಗಿಬನ್ನಿ.

ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 41 ದಾಟಿದರೆ ಪ್ರಾಣಕ್ಕೇ ಅಪಾಯ. ದಾರಿಯಲ್ಲಿ ಥರ್ಮಾಮೀಟರ್ ಯಾರೂ ಇಟ್ಟುಕೊಂಡಿರುವುದಿಲ್ಲ, ಕಣ್ಣಿಗೆ ಕಾಣುವುದನ್ನೇ ನೋಡಿ. ನಾಲಿಗೆ ತುದಿ ಅಗಲವಾಗಿ ಜೋತುಬೀಳುವುದು, ಜೊಲ್ಲು ಗಟ್ಟಿಯಾಗಿ ಅಂಟಂಟಾಗುವುದು, ಒಸಡು ಕಡುಗೆಂಪಾಗುವುದು, ನಡಿಗೆ ತೂರಾಡುವುದು. ಇವು ಕಂಡರೆ ಅಲ್ಲೇ ನಿಲ್ಲಿ. ಮೈಮೇಲೆ, ಹೊಟ್ಟೆಗೆ, ಕಾಲಿಗೆ ನೀರು ಸುರಿಯುತ್ತಾ ಗಾಳಿ ಬೀಸಿ. ಒದ್ದೆ ಟವಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಮೊದಲು ತಂಪು ಮಾಡಿ, ಆಮೇಲೆ ವೆಟ್, ಅಂದರೆ ಪಶುವೈದ್ಯರ ಹತ್ತಿರ ಓಡಿ.

ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಪಕ್ಕದಲ್ಲಿ ಹೊಳೆ ಹರಿಯುತ್ತಿರುವಾಗ ಬಾಟಲಿ ಹೊರುವುದು ಪೆದ್ದುತನ ಅನ್ನಿಸಬಹುದು, ಅನ್ನಿಸಲಿ. ಇಲಿ, ದನ ಮುಂತಾದ ಪ್ರಾಣಿಗಳ ಉಚ್ಚೆ ಸೇರಿದ ನೀರಿನಿಂದ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ಬರುತ್ತದೆ. ಅದು ನಾಯಿಯಿಂದ ನಮಗೂ ಅಂಟಬಹುದು. ಇದಕ್ಕೆ ಲಸಿಕೆ ಇದೆ, ವರ್ಷಕ್ಕೊಮ್ಮೆ ಹಾಕಿಸಬೇಕು, ಹೊರಡುವ ಮುಂಚೆ ನಿಮ್ಮ ನಾಯಿಯ ಕಾರ್ಡ್ ತೆಗೆದು ನೋಡಿ. ಹರಿಯುವ ನೀರಿಗಿಂತ ನಿಂತ ನೀರು, ಹೊಂಡ, ಕೆಸರು ಹೆಚ್ಚು ಕೆಟ್ಟದ್ದು. ಅದರಲ್ಲೂ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕೆನೆ ಕಟ್ಟಿದ್ದರೆ ನಾಯಿಯನ್ನು ಹತ್ತಿರ ಬಿಡಲೇಬೇಡಿ. ಅದು ನೀಲಿ-ಹಸಿರು ಪಾಚಿ ಇರಬಹುದು. ಅದರ ಕೆಲವು ಬಗೆಗಳ ವಿಷ ಕೆಲವೇ ಗಂಟೆಗಳಲ್ಲಿ ನಾಯಿಯನ್ನು ಕೊಲ್ಲುತ್ತದೆ. ಕುಡಿಯಬೇಕೆಂದೂ ಇಲ್ಲ, ಮೈಗೆ ಮೆತ್ತಿಕೊಂಡದ್ದನ್ನು ನೆಕ್ಕಿದರೂ ಸಾಕು.

ಹಾಗಂತ ನೀರಿಗೆ ಇಳಿಸಲೇಬಾರದು ಅಂತಲ್ಲ. ತಿಳಿಯಾಗಿ, ತಳ ಕಾಣುವಷ್ಟು ಆಳವಿಲ್ಲದೆ ನಿಧಾನಕ್ಕೆ ಹರಿಯುವ ಕಡೆ ಮೊಣಕಾಲಿನಷ್ಟು ನೀರಿನಲ್ಲಿ ನಿಲ್ಲಿಸಿ. ಅದಕ್ಕೆ ಅದೇ ಹಬ್ಬ. ಕೋಲು ಎಸೆದು ಮತ್ತೆ ಮತ್ತೆ ತರಿಸುವ ಆಟ ಮಾತ್ರ ಮಿತವಾಗಿರಲಿ. ಬಾಯಿ ತೆರೆದುಕೊಂಡು ಹೋಗುವಾಗ ಪ್ರತಿ ಸಲವೂ ನೀರು ನುಂಗುತ್ತದೆ, ಅತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ತೂರಾಟ ಶುರುವಾಗುತ್ತದೆ. ದಡಕ್ಕೆ ಬಂದ ತಕ್ಷಣ ನಿಮ್ಮ ಪಕ್ಕವೇ ನಿಂತು ಮೈ ಕೊಡವುತ್ತದೆ. ಇದಕ್ಕೆ ಪರಿಹಾರ ಇಲ್ಲ.

ಹಲಗೆ ಸೇತುವೆ ಸಿಕ್ಕರೆ, ಸಂದಿಯಲ್ಲಿ ಕೆಳಗೆ ನೀರು ಕಾಣುವುದರಿಂದ ಕೆಲವು ನಾಯಿಗಳು ಕಾಲು ಊರಿ ನಿಂತುಬಿಡುತ್ತವೆ. ಎಳೆಯಬೇಡಿ. ನೀವು ನಾಲ್ಕು ಹೆಜ್ಜೆ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು ಕಾಯಿರಿ. ಬರಲಿಲ್ಲವೇ, ವಾಪಸ್ ಬನ್ನಿ, ಅರ್ಧ ದಾರಿಯೂ ದಾರಿಯೇ. ಮೂಸಲು ನಿಂತಾಗಲೂ ಹಾಗೇ, ಆತುರ ಬೇಡ. ನಿಮಗೆ ಅದು ಮೂರು ಕಿಲೋಮೀಟರ್, ನಾಯಿಗೆ ಅದು ಸಾವಿರ ವಾಸನೆ. ಆದರೆ ಕಲ್ಲಿನ ಸಂದಿ, ಒಣ ಎಲೆಯ ರಾಶಿಗೆ ಮೂತಿ ತೂರಿಸಲು ಬಿಡಬೇಡಿ, ಹಾವಿರಬಹುದು. ಕಕ್ಕಸು ಮಾಡಿದರೆ ಕವರಿನಲ್ಲಿ ಎತ್ತಿಕೊಂಡು ಬನ್ನಿ. ಮಳೆ ಬಂದರೆ ಅದು ಸೀದಾ ನೀರಿಗೇ ಸೇರುವುದು.

ಮನೆಗೆ ಬಂದ ಮೇಲೆ ಸ್ವಲ್ಪ ಹೊತ್ತು ನಾಯಿಗೇ ಮೀಸಲಿಡಿ. ಹಾರ್ನೆಸ್ ಬಿಚ್ಚಿ, ಅದರ ಕೆಳಗಿನ ಮೈ ಒರೆಸಿ. ಜೋಲು ಕಿವಿಯ ನಾಯಿಯಾದರೆ ಕಿವಿಯೊಳಗೆ ಒಣಬಟ್ಟೆಯಿಂದ ಒತ್ತಿ ತೆಗೆಯಿರಿ, ತೇವ ಉಳಿದರೆ ಸೋಂಕಾಗುತ್ತದೆ. ಬೆರಳ ಸಂದಿ, ಕಂಕುಳು, ಕಿವಿಯ ಹಿಂದೆ, ಬಾಲದ ಬುಡ ಸವರಿ ಉಣ್ಣಿ ಹುಡುಕಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆಯಿರಿ. ಸುಡುವುದು, ಎಣ್ಣೆ ಹಾಕುವುದು, ಬೆರಳಲ್ಲಿ ಹೊಸಕುವುದು ಬೇಡ. ಜಿಗಣೆ ಇದ್ದರೆ ಅದರ ಬಾಯಿಯ ಬಳಿ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಬೆನ್ನಿಗೆ ಬಿಡುವ ಉಣ್ಣಿ ಔಷಧಿ ಹಾಕುವವರಾದರೆ ನೀರಿಗೆ ಇಳಿಸುವ ದಿನಕ್ಕೂ ಔಷಧಿಗೂ ಎರಡು ದಿನವಾದರೂ ಅಂತರ ಇರಲಿ, ಇಲ್ಲದಿದ್ದರೆ ತೊಳೆದುಹೋಗುತ್ತದೆ.

ಮರುದಿನ ಬಾಲ ಜೋತುಬಿದ್ದು ಅಲ್ಲಾಡಿಸಲೇ ಆಗದಿದ್ದರೆ ಗಾಬರಿ ಬೇಡ. ತಣ್ಣೀರಲ್ಲಿ ಈಜಿದ ನಾಯಿಗಳಿಗೆ ಬಾಲದ ಸ್ನಾಯು ಹೀಗೆ ಹಿಡಿದುಕೊಳ್ಳುವುದುಂಟು, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಊಟ ಬೇಡ ಅನ್ನುವುದು, ಕಣ್ಣು ಹಳದಿಯಾಗುವುದು, ಮೂಗಿನಿಂದ ರಕ್ತ ಬರುವುದು ಇವುಗಳಲ್ಲಿ ಯಾವುದು ಕಂಡರೂ ತಡ ಮಾಡಬೇಡಿ. ವೆಟ್ ಹತ್ತಿರ ಹೋದಾಗ ಹೊಳೆ ಪಕ್ಕ ನಡೆಸಿದ್ದನ್ನು ಮೊದಲೇ ಹೇಳಿಬಿಡಿ. ಯಾವ ಪರೀಕ್ಷೆ ಮಾಡಿಸಬೇಕು ಅನ್ನುವುದು ಅವರಿಗೆ ಬೇಗ ಹೊಳೆಯುತ್ತದೆ.