ಕಪಾಟಿನಲ್ಲಿದ್ದ ಕರಡಿಗೆ

ಈ ಪ್ರಕರಣ ಅಪರೂಪದ್ದೇನಲ್ಲ. ದೇವರನ್ನು ನಂಬುವುದನ್ನು ಬಿಟ್ಟ ಮಗನನ್ನೋ ಮಗಳನ್ನೋ ಕರೆತಂದು "ಸರಿಮಾಡಿ ಕೊಡಿ" ಎಂದು ಕೇಳುವ ತಂದೆತಾಯಂದಿರು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಪ್ರತಿವರ್ಷವೂ ಬರುತ್ತಾರೆ. ಜನಿವಾರ ತೆಗೆದವರು, ನಮಾಜು ಬಿಟ್ಟವರು, ಭಾನುವಾರ ಚರ್ಚಿಗೆ ಹೋಗಲು ಒಲ್ಲೆನೆಂದವರು, ಎಲ್ಲರೂ ಆ ಕುರ್ಚಿಯಲ್ಲಿ ಕುಳಿತಿದ್ದಾರೆ. ಆದರೂ ಇದೊಂದನ್ನು ಬರೆಯಬೇಕೆನಿಸಿದ್ದು, ಇದರಲ್ಲಿ ಮೊದಲು ತಪ್ಪು ಸಲಹೆ ಕೊಟ್ಟವಳು ನಾನೇ ಆಗಿದ್ದರಿಂದ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ ಮತ್ತು ಮಗ ಇಬ್ಬರ ಒಪ್ಪಿಗೆಯೂ ಇದೆ.

ಅದು ಉತ್ತರ ಕರ್ನಾಟಕದ ಒಂದು ಲಿಂಗಾಯತ ಕುಟುಂಬ. ಮಗನಿಗೆ 27 ವರ್ಷ, ಬೆಂಗಳೂರಿನಲ್ಲಿ ನೌಕರಿ. ದೀಪಾವಳಿಗೆ ಊರಿಗೆ ಬಂದವನು ಸ್ನಾನ ಮುಗಿಸಿ ಹೊರಬಂದಾಗ ಕೊರಳಲ್ಲಿ ಶಿವದಾರ ಇಲ್ಲದ್ದು ತಾಯಿಯ ಕಣ್ಣಿಗೆ ಬಿತ್ತು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಎರಡು ವರ್ಷದಿಂದ ಬೆಂಗಳೂರಿನ ಕೋಣೆಯ ಕಪಾಟಿನಲ್ಲಿತ್ತು. ಅಂದಿನಿಂದ ತಂದೆ ಅವನೊಡನೆ ಮಾತು ಬಿಟ್ಟರು, ತಾಯಿ ಸರಿಯಾಗಿ ಉಣ್ಣುವುದನ್ನು ಬಿಟ್ಟರು, ಕನ್ಯೆ ನೋಡುವ ಮಾತು ನಿಂತಿತು.

ತಂದೆಯವರು ನನ್ನಿಂದ ಬಯಸಿದ್ದು ಒಂದು ಪತ್ರ: ಹುಡುಗನ ಮನಸ್ಸು ಕೆಟ್ಟಿದೆ, ಚಿಕಿತ್ಸೆಯಿಂದ ಸರಿಹೋಗುತ್ತದೆ ಎಂದು ಬರೆದುಕೊಡಬೇಕಿತ್ತು. ನಾನು ಕೂಡಲೇ ನಿರಾಕರಿಸಲಿಲ್ಲ. ಪೂಜೆಯಲ್ಲಿ ಆಸಕ್ತಿ ಇದ್ದವರು ಒಮ್ಮೆಲೇ ಅದನ್ನು ಬಿಟ್ಟು, ಜೊತೆಗೆ ನಿದ್ದೆ, ಊಟ, ಕೆಲಸ, ಗೆಳೆತನಗಳಿಂದಲೂ ಹಿಂದೆ ಸರಿದರೆ ಅದು ಖಿನ್ನತೆಯ ಲಕ್ಷಣವಾಗಿರಬಹುದು. ಹಾಗಾಗಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಇವನು ಚೆನ್ನಾಗಿ ನಿದ್ದೆ ಮಾಡುತ್ತಿದ್ದ, ಕೆಲಸದಲ್ಲಿ ಬಡ್ತಿ ಪಡೆದಿದ್ದ, ಆರು ವರ್ಷಗಳ ಓದು ಮತ್ತು ಯೋಚನೆಯಿಂದ ನಿಧಾನವಾಗಿ ಈ ನಿಲುವಿಗೆ ಬಂದಿದ್ದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮು ಇಂಥ ಸಂದರ್ಭಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ: ಒಬ್ಬ ವ್ಯಕ್ತಿ ತನ್ನ ಸಮುದಾಯದಲ್ಲಿ ರೂಢಿಯಲ್ಲಿರುವ ನೈತಿಕ, ಸಾಮಾಜಿಕ ಮೌಲ್ಯಗಳಿಗೆ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದಿಕೊಳ್ಳುವುದಿಲ್ಲ ಎಂಬ ಆಧಾರದ ಮೇಲೆ ಅವನನ್ನು ಮನೋರೋಗಿ ಎಂದು ತೀರ್ಮಾನಿಸುವಂತಿಲ್ಲ. ಇದನ್ನು ತಂದೆಯವರಿಗೆ ಓದಿ ಹೇಳಿದೆ. ಇದೆಲ್ಲ ಇಂಗ್ಲಿಷ್ ಪುಸ್ತಕಗಳಿಂದ ಬಂದ ಕೇಡು ಎಂದರು. ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಾಧವಾಚಾರ್ಯರು ಎಲ್ಲ ದರ್ಶನಗಳನ್ನು ಸಂಗ್ರಹಿಸಿ ಬರೆದ ಗ್ರಂಥ ಆರಂಭವಾಗುವುದೇ ದೇವರಿಲ್ಲ ಎನ್ನುವ ಚಾರ್ವಾಕರಿಂದ ಎಂದು ನಾನು ಹೇಳಿದೆ. ಅವರು ಎದ್ದು ಹೋದರು. ಆ ಮಾತು ನಿಜವಾಗಿದ್ದರೂ ಅದನ್ನಾಡುವ ಹೊತ್ತು ಅದಾಗಿರಲಿಲ್ಲ ಎಂದು ಈಗ ಅನಿಸುತ್ತದೆ.

ನನ್ನ ತಪ್ಪು ನಡೆದದ್ದು ಎರಡನೆಯ ಭೇಟಿಯಲ್ಲಿ. ಮಗ ಒಬ್ಬನೇ ಬಂದಿದ್ದ. ನಾವು ಆಪ್ತಸಲಹೆಗಾರರು ಕೌಟುಂಬಿಕ ಜಗಳಗಳಲ್ಲಿ ಅಭ್ಯಾಸಬಲದಿಂದ ಹೇಳುವ ಮಾತನ್ನೇ ನಾನೂ ಹೇಳಿದೆ: "ಊರಿಗೆ ಹೋದಾಗ ನಾಲ್ಕು ದಿನ ಕಟ್ಟಿಕೊಂಡರೆ ಏನಾಗುತ್ತದೆ? ತಾಯಿಯ ಸಮಾಧಾನಕ್ಕಾಗಿ?" ಅವನು ಸಿಟ್ಟಾಗಲಿಲ್ಲ. "ಮೇಡಮ್, ನಾ ನಂಬಾಂವ ಇದ್ದು, ಲಿಂಗ ಕಟ್ಟಲಾರದವರ ಮನ್ಯಾಗ ಇರಬೇಕಾಗಿದ್ರ, ಅಲ್ಲಿರೋತನಕ ಬಿಚ್ಚಿಡು ಅಂತ ನನಗ ಹೇಳ್ತಿದ್ರೇನ್ರಿ?" ಎಂದು ಕೇಳಿದ.

ಹೇಳುತ್ತಿರಲಿಲ್ಲ. ನಂಬುವವನ ನಂಬಿಕೆಯನ್ನು ಅವನ ಅಸ್ತಿತ್ವದ ಭಾಗವೆಂದು ಗೌರವಿಸುವ ನಾನು, ನಂಬದವನ ನಿಲುವನ್ನು ಬೇಕೆಂದಾಗ ಮಡಿಸಿ ಒಳಗಿಡಬಹುದಾದ ಹಟವೆಂದು ತಿಳಿದಿದ್ದೆ. ಆ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಅಂದೇ ಅವನಿಗೆ ಹೇಳಿದೆ, ತಾಯಿಯ ಜೊತೆ ಒಟ್ಟಿಗೆ ಕೂರೋಣ ಎಂದೆ.

ಮೂರನೆಯ ಭೇಟಿಯ ಮೊದಲ ಅರ್ಧ ಗಂಟೆ ವಾದದಲ್ಲೇ ಕಳೆಯಿತು. ಬಸವಣ್ಣನವರೇ ಗುಡಿಯನ್ನು ಬೇಡವೆಂದಿದ್ದರು, ಬಾಲ್ಯದಲ್ಲಿ ಜನಿವಾರವನ್ನೇ ಒಲ್ಲೆನೆಂದಿದ್ದರು ಎಂದು ಮಗ ಹೇಳುತ್ತಿದ್ದ. ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸುಮ್ಮನೆ ಕುಳಿತಿದ್ದರು. ಅವನನ್ನು ತಡೆದು, ನಿಮಗೆ ನಿಜವಾಗಿ ನೋವಾದದ್ದು ಯಾವುದರಿಂದ ಎಂದು ಅವರನ್ನು ಕೇಳಿದೆ. ಬಹಳ ಹೊತ್ತಿನ ನಂತರ ಅವರೆಂದರು: "ಅಂವಗ ದೇವ್ರು ಬ್ಯಾಡಾದ್ರ ಬ್ಯಾಡ್ರಿ, ದೇವ್ರಿಗೇನು ಕಡಿಮಿ ಆಗೂದಿಲ್ಲ. ಎಂಟು ತಿಂಗಳ ಬಸುರಿ ಇದ್ದಾಗ ಅಯ್ಯನವರು ಬಂದು ಇವನ ಹೆಸರಿಲೆ ನನಗ ಕಟ್ಟಿದ ಲಿಂಗ ಅದು. ಹುಟ್ಟಿದ ಮ್ಯಾಲ ನನ್ನ ಕೈಯಾರೆ ಇವನ ಕೊರಳಿಗೆ ಹಾಕೀನಿ. ನನಗ ಒಂದು ಮಾತು ಹೇಳದ ಬಿಚ್ಚಿ ಕಪಾಟಿನ್ಯಾಗ ಇಟ್ಟಾನ."

ಮೂರು ವಾರಗಳಿಂದ ನಾವೆಲ್ಲರೂ ದೇವರಿದ್ದಾನೆಯೇ ಇಲ್ಲವೇ, ಹುಡುಗನಿಗೆ ಕಾಯಿಲೆಯೇ ಅಲ್ಲವೇ ಎಂದು ಮಾತಾಡಿಕೊಂಡಿದ್ದೆವು. ಆ ತಾಯಿಯ ದೂರು ಅದರ ಬಗ್ಗೆ ಆಗಿರಲೇ ಇಲ್ಲ. ನೋವಾಗಬಾರದೆಂದು ಹೇಳಲಿಲ್ಲ ಎಂದ ಮಗನಿಗೆ, ಎರಡು ವರ್ಷ ಪ್ರತಿ ಫೋನಿನಲ್ಲೂ "ಪೂಜಿ ಆತೇನೋ" ಎಂದು ತಾವು ಕೇಳಿದ್ದನ್ನೂ ಅವನು "ಹ್ಞೂ" ಎಂದದ್ದನ್ನೂ ಅವರು ನೆನಪಿಸಿದರು. ಅವನ ಬಳಿ ಉತ್ತರವಿರಲಿಲ್ಲ. ಆಗ ಅವರು ಇನ್ನೊಂದನ್ನು ಕೇಳಿದರು: "ನಾ ಸತ್ತರ ನನ್ನ ಮಣ್ಣಿಗರ ಬರ್ತೀಯೋ ಇಲ್ಲೋ?"

"ಬರ್ತೀನವ್ವ. ನಿನಗ ಹೆಂಗ ಬೇಕೋ ಹಂಗ ಎಲ್ಲಾ ಮಾಡ್ತೀನಿ, ವಿಭೂತಿನೂ ಇಡ್ತೀನಿ. ಆದ್ರ ನಾನೂ ನಂಬ್ತೀನಿ ಅಂತ ಮಾತ್ರ ನನ್ನ ಬಾಯಿಲೆ ಅನಸಬ್ಯಾಡ."

ನನ್ನ ಸಲಹೆಗಳೆಲ್ಲ ಈ ಮಾತಿನಿಂದಲೇ ಹುಟ್ಟಿದವು. ಕರಡಿಗೆಯನ್ನು ಕಪಾಟಿನಿಂದ ತೆಗೆದು ತಾಯಿಯ ಕೈಗೇ ಕೊಡು ಎಂದೆ. ಅವರು ಕೊಟ್ಟದ್ದನ್ನು ಅವರಿಗೆ ಹೇಳಿಯೇ ಹಿಂದಿರುಗಿಸುವುದು ಸರಿ, ಅದನ್ನು ಮುಂದೆ ಏನು ಮಾಡಬೇಕೆಂಬುದು ಅವರ ಸಂಪ್ರದಾಯಕ್ಕೆ ಬಿಟ್ಟದ್ದು. ಬಸವಣ್ಣನವರನ್ನು ವಾದಕ್ಕೆ ಎಳೆಯಬೇಡ ಎಂದೂ ಹೇಳಿದೆ. ಅವರು ಗುಡಿಯನ್ನು ಬಿಟ್ಟದ್ದು ಲಿಂಗವನ್ನು ಅಂಗೈಗೆ ತಂದುಕೊಳ್ಳಲು. ಅವರ ಹೆಸರಿನಲ್ಲಿ ಅಂಗೈಯ ಲಿಂಗವನ್ನೇ ಬಿಡುವುದಾಗಿ ಹೇಳಿದರೆ ತಾಯಿಯ ಭಕ್ತಿಗೂ ನಿನ್ನ ಪ್ರಾಮಾಣಿಕತೆಗೂ ಅನ್ಯಾಯವಾಗುತ್ತದೆ, ನಿನ್ನ ನಿಲುವು ನಿನ್ನದೆಂದೇ ಹೇಳು ಎಂದೆ. ತಾಯಿಗೆ, ದುಃಖಪಡಲು ನಿಮಗೆ ಹಕ್ಕಿದೆ, ಆದರೆ ಉಣ್ಣದೆ ಕುಳಿತು ಮಗನನ್ನು ಮಣಿಸಬೇಡಿ, ಬೀಗರ ಮುಂದೆ ಅವನಿಂದ ನಟನೆಯನ್ನೂ ಬಯಸಬೇಡಿ ಎಂದು ಹೇಳಿದೆ. ಮದುವೆಯ ವಿಷಯದಲ್ಲಿ ಇಬ್ಬರಿಗೂ ಕಟ್ಟುನಿಟ್ಟಾಗಿಯೇ ಹೇಳಿದೆ: ನಿಶ್ಚಯಕ್ಕೆ ಮೊದಲೇ ಹುಡುಗಿಗೆ ನೇರವಾಗಿ ತಿಳಿಸಬೇಕು. ಮುಚ್ಚಿಟ್ಟು ಮಾಡಿದ ಇಂಥ ಎಷ್ಟೋ ಮದುವೆಗಳು ಮರುವರ್ಷ ನನ್ನ ಮುಂದೆ ಬಂದು ಕುಳಿತಿವೆ.

ಇದಕ್ಕೆ ಎರಡೂ ಕಡೆಯಿಂದ ಟೀಕೆ ಬಂದಿದೆ. ವಿಚಾರವಾದಿಯಾದ ಸ್ನೇಹಿತರೊಬ್ಬರು, ತಾಯಿಯ ಅಂತ್ಯಕ್ರಿಯೆ ಮಾಡಲು ಒಪ್ಪಿಸಿ ಅವನನ್ನು ಶರಣಾಗಿಸಿದೆ ಎಂದರು. ನಾನು ಒಪ್ಪಿಸಲಿಲ್ಲ, ಅವನೇ ಹೇಳಿದ. ತಾಯಿಯ ಕ್ರಿಯಾವಿಧಿ ತಾಯಿಯ ನಂಬಿಕೆಗೆ ಸಲ್ಲುವಂಥದು. ಅದನ್ನು ನಡೆಸಿಕೊಡುವ ಕೈ ನಂಬಬೇಕೆಂದಿಲ್ಲ. ಇನ್ನೊಬ್ಬರು ನಾನು ಮನೆ ಮುರಿಯುತ್ತಿದ್ದೇನೆ ಎಂದರು. ನಮ್ಮ ಸಂವಿಧಾನದ 25ನೇ ವಿಧಿ ಧರ್ಮಾಚರಣೆಗಿಂತ ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳುತ್ತದೆ. 1969ರ ಪ್ರಮಾಣಗಳ ಕಾಯ್ದೆಯಂತೆ ನ್ಯಾಯಾಲಯದಲ್ಲಿ ದೇವರ ಹೆಸರಿಲ್ಲದೆ ದೃಢೀಕರಿಸಿ ಸಾಕ್ಷಿ ನುಡಿಯಬಹುದು. ತನ್ನ ಧರ್ಮ ಯಾವುದೆಂದು ಬರೆಯುವಂತೆ ಸರ್ಕಾರ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದೆ. ಕಾನೂನು ಕೊಟ್ಟಿರುವ ಈ ಜಾಗ ಮನೆಯ ಪಡಸಾಲೆಯಲ್ಲಿ ಇಲ್ಲ. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು ಸುಮಾರು 28.7 ಲಕ್ಷ, ಅಂದರೆ ದೇಶದ ಜನಸಂಖ್ಯೆಯ ಶೇಕಡಾ 0.25ರಷ್ಟೂ ಇಲ್ಲ. ಅವರೆಲ್ಲರೂ ನಾಸ್ತಿಕರೆಂದಲ್ಲ, ನಾಸ್ತಿಕರೆಲ್ಲರೂ ಆ ಲೆಕ್ಕದಲ್ಲಿದ್ದಾರೆಂದೂ ಅಲ್ಲ. ಮನೆಯ ಹಿರಿಯರು ಗಣತಿದಾರರಿಗೆ ಉತ್ತರ ಹೇಳುವ ನಾಡಿನಲ್ಲಿ ನನ್ನ ಬಳಿ ಬರುವ ಇಂಥ ಮಕ್ಕಳು ತಂದೆಯ ಸಾಲಿನಲ್ಲೇ ಎಣಿಕೆಯಾಗುತ್ತಾರೆ.

ಯುಗಾದಿಗೆ ಊರಿಗೆ ಹೋದ ಮಗ ಕರಡಿಗೆಯನ್ನು ತಾಯಿಯ ಕೈಗೆ ಕೊಟ್ಟ. ಅವರು ಅದನ್ನು ದೇವರ ಜಗಲಿಯ ಮೇಲಿಟ್ಟುಕೊಂಡಿದ್ದಾರೆ, ಬೆಳಿಗ್ಗೆ ತಮ್ಮ ಪೂಜೆಯಾದ ಮೇಲೆ ಅದಕ್ಕೂ ಒಂದು ಪತ್ರಿ ಏರಿಸುತ್ತಾರೆ. ಫೋನಿನಲ್ಲಿ ಈಗ ಪೂಜೆಯ ಬದಲು ಊಟವಾಯಿತೇ ಎಂದು ಕೇಳುತ್ತಾರಂತೆ. ತಂದೆ ಇನ್ನೂ ಮಗನೊಡನೆ ಮಾತಾಡಿಲ್ಲ, ನನ್ನ ಬಳಿಗೂ ಮತ್ತೆ ಬಂದಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆತರುವುದಾಗಿ ತಾಯಿ ಹೇಳಿದ್ದಾರೆ.